ಮೊದಲ ಡ್ರೆಸಾಜ್ ಷೋ: ರೇಸ್ ಬಿಟ್ಟ ಕುದುರೆ, ಆರು ವಾರ ಸಮಯ. ಯಾವುದನ್ನು ಮೊದಲು ಸರಿಪಡಿಸಿಕೊಳ್ಳಲಿ?

ತಪ್ಪಲಿನ_ಸವಾರ

ಎಲ್ಲರಿಗೂ ನಮಸ್ಕಾರ. ಇನ್ನು ಆರು ವಾರಕ್ಕೆ ಬೆಂಗಳೂರಿನಲ್ಲಿ ಒಂದು ಷೋ ಇದೆ. ಪ್ರಿಲಿಮಿನರಿ ಡ್ರೆಸಾಜ್ ಕ್ಲಾಸ್‌ಗೆ, ಅಂದರೆ ನಿಗದಿತ ಚಲನೆಗಳನ್ನು ಮಾಡಿ ತೋರಿಸಿ ಅಂಕ ಪಡೆಯುವ ಸವಾರಿ ಸ್ಪರ್ಧೆಯ ಆರಂಭದ ಮಟ್ಟಕ್ಕೆ, ಹೆಸರು ಕೊಡುವ ಯೋಚನೆ. ಕುದುರೆ ಏಳು ವರ್ಷದ ಥರೋಬ್ರೆಡ್ ಗೆಲ್ಡಿಂಗ್ (ಬೀಜ ತೆಗೆದ ಗಂಡು), ರೇಸ್ ಬಿಟ್ಟು ಎರಡು ವರ್ಷವಾಯಿತು, ತೂಕ ಹೆಚ್ಚೂಕಮ್ಮಿ 450 ಕೆ.ಜಿ. ಲಾಯ ಮೈಸೂರಿನಲ್ಲಿದೆ. ಸರಿಯಾದ ಅರೇನಾ ಇಲ್ಲ, ಮಟ್ಟಸವಾದ ಮಣ್ಣಿನ ಮೈದಾನ ಇದೆ.

ಟೆಸ್ಟ್ ಇರುವುದು 20 ಬೈ 40 ಮೀಟರ್ ಅರೇನಾದಲ್ಲಿ, ಜಾಗಗಳಿಗೆ ಅಕ್ಷರಗಳ ಗುರುತು ಇರುತ್ತದೆ. ಎ-ಯಿಂದ ಟ್ರಾಟ್‌ನಲ್ಲಿ (ವಾಕ್‌ಗಿಂತ ಜೋರು, ಕ್ಯಾಂಟರ್‌ಗಿಂತ ನಿಧಾನದ ನಡೆ) ಒಳಗೆ ಬಂದು ಎಕ್ಸ್‌ನಲ್ಲಿ ಹಾಲ್ಟ್, ಸಲ್ಯೂಟ್. ಎರಡೂ ಕೈಗೆ (ಎಡಕ್ಕೂ ಬಲಕ್ಕೂ) 20 ಮೀಟರ್ ಟ್ರಾಟ್ ಸರ್ಕಲ್, ಎರಡೂ ಕೈಗೆ ಕ್ಯಾಂಟರ್ ಸರ್ಕಲ್, ಒಂದು ಡಯಾಗನಲ್‌ನಲ್ಲಿ ಫ್ರೀ ವಾಕ್ (ಲಗಾಮು ಸಡಿಲ ಬಿಟ್ಟ ನಡಿಗೆ), ಕೊನೆಗೆ ಜಿ-ಯಲ್ಲಿ ಹಾಲ್ಟ್. ಟ್ರಾಟ್ ರೈಸಿಂಗ್ (ತಾಳಕ್ಕೆ ಎದ್ದು ಕೂರುತ್ತಾ) ಮಾಡಬಹುದು ಎಂದು ಹಾಳೆಯಲ್ಲೇ ಇದೆ.

ವಾಕ್ ಚೆನ್ನಾಗಿದೆ. ತೊಂದರೆ ನಾಲ್ಕು. ಸೆಂಟರ್‌ಲೈನ್‌ನಲ್ಲಿ ಹಾವಿನ ಹಾಗೆ ಹರಿಯುತ್ತಾನೆ. ಟ್ರಾಟ್ ಓಡುತ್ತದೆ, ಲಗಾಮು ಹಿಡಿದಷ್ಟೂ ಇನ್ನೂ ಜೋರಾಗುತ್ತದೆ. ಎಡ ಕ್ಯಾಂಟರ್ ಕೇಳಿದರೆ ಐದರಲ್ಲಿ ಎರಡು ಸಲ ಬಲ ಲೀಡ್ (ಬಲಗಾಲು ಮುಂದಾದ ಕ್ಯಾಂಟರ್) ಹಿಡಿಯುತ್ತಾನೆ. ಹಾಲ್ಟ್‌ನಲ್ಲಿ ಒಂದು ಹಿಂಗಾಲು ಹಿಂದೆಯೇ ಉಳಿಯುತ್ತದೆ. ಇರುವ ಆರು ವಾರದಲ್ಲಿ ಯಾವುದಕ್ಕೆ ಹೆಚ್ಚು ಸಮಯ ಕೊಡಬೇಕು?

ಸುಣ್ಣದ_ಗೆರೆ

ತಪ್ಪಲಿನ ಸವಾರರೇ, ಕುದುರೆಯನ್ನು ಮುಟ್ಟುವ ಮೊದಲು ನೆಲ ಅಳೆಯಿರಿ. ಅಳತೆಯಿಲ್ಲದ ಮೈದಾನದಲ್ಲಿ ಮಾಡುವ "20 ಮೀಟರ್ ಸರ್ಕಲ್" ಸಾಮಾನ್ಯವಾಗಿ 16 ಆಗಿರುತ್ತದೆ, ಇಲ್ಲವೇ 24. ಷೋ ದಿನ ಬಿಳಿ ಕಟ್ಟೆಯ ಒಳಗೆ ಬಂದಾಗ ಸವಾರನಿಗೂ ಕುದುರೆಗೂ ಜಾಗವೇ ಸಾಲದಂತೆ ಅನಿಸುತ್ತದೆ.

50 ಮೀಟರ್ ಟೇಪು, ನಾಲ್ಕು ಗೂಟ, ಹುರಿಹಗ್ಗ, ಒಂದು ಚೀಲ ಸುಣ್ಣದ ಪುಡಿ ಸಾಕು. 20 ಮತ್ತು 40ರ ಬದಿಗಳನ್ನು ಹಾಕಿದ ಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಎರಡೂ 44 ಮೀಟರ್ 72 ಸೆಂ.ಮೀ. ಬಂದರೆ ಮೂಲೆಗಳು ನೇರವಾಗಿವೆ. ಒಂದು ಹೆಚ್ಚು ಇನ್ನೊಂದು ಕಡಿಮೆ ಬಂದರೆ ಅರೇನಾ ವಾಲಿದೆ ಎಂದೇ ಅರ್ಥ, ಗೂಟ ಸರಿಸಬೇಕು.

ಅಕ್ಷರಗಳು: ಗಿಡ್ಡ ಬದಿಗಳ ನಡುಮಧ್ಯೆ ಎ ಮತ್ತು ಸಿ. ಉದ್ದ ಬದಿಗಳಲ್ಲಿ ಮೂಲೆಯಿಂದ 6 ಮೀಟರ್‌ಗೆ ಕೆ, ಎಚ್, ಎಂ, ಎಫ್. ಅಲ್ಲಿಂದ 14 ಮೀಟರ್‌ಗೆ ಇ ಮತ್ತು ಬಿ. ಎ-ಯಲ್ಲಿ ನಿಂತು ಸಿ ಕಡೆ ಮುಖ ಮಾಡಿದರೆ ಎಡಗಡೆ ಕೆ, ಇ, ಎಚ್. ಬಲಗಡೆ ಎಫ್, ಬಿ, ಎಂ. ಡಿ, ಎಕ್ಸ್, ಜಿ ಮೂರೂ ಸೆಂಟರ್‌ಲೈನ್ ಮೇಲಿರುವ, ಕಣ್ಣಿಗೆ ಕಾಣದ ಬಿಂದುಗಳು. ಎ-ಯಿಂದ 6 ಮೀಟರ್‌ಗೆ ಡಿ, ನಟ್ಟನಡುವೆ ಎಕ್ಸ್, ಸಿ-ಗೆ 6 ಮೀಟರ್ ಮುಂಚೆ ಜಿ. ಎ-ಯಿಂದ ಸುತ್ತು ನೆನಪಿಡಲು: "ಅಣ್ಣ ಕುದುರೆ ಏರಿ ಹೊರಟ, ಚಿಕ್ಕಮ್ಮ ಮನೆ ಬಾಗಿಲಲ್ಲೇ ಫೋಟೊ". ಖಾಲಿ ಎಣ್ಣೆ ಡಬ್ಬಕ್ಕೆ ಮರಳು ತುಂಬಿ, ಅಕ್ಷರ ಬರೆದು, ಗೆರೆಯಿಂದ ಅರ್ಧ ಮೀಟರ್ ಹೊರಗೆ ಇಡಿ. ಬರೀ ಸುಣ್ಣದ ಗೆರೆಯಾದರೆ ಕುದುರೆ ದಾಟಿಬಿಡುತ್ತದೆ, ಆದ್ದರಿಂದ ನಾಲ್ಕು ಮೂಲೆಗಳಲ್ಲಾದರೂ ಬಿದಿರು ಅಥವಾ ಪಿವಿಸಿ ಪೈಪು ಮಲಗಿಸಿ.

ಇನ್ನು ಸರ್ಕಲ್. ಗೂಟಕ್ಕೆ 10 ಮೀಟರ್ ಹಗ್ಗ ಕಟ್ಟಿ, ರಂಗೋಲಿ ಎಳೆದ ಹಾಗೆ ಸುತ್ತಲೂ ಸುಣ್ಣ ಸುರಿಯುತ್ತಾ ಹೋಗಿ. ಸಿ ಸರ್ಕಲ್‌ಗೆ ಗೂಟ ಸಿ-ಯಿಂದ 10 ಮೀಟರ್ ಒಳಗೆ, ಸೆಂಟರ್‌ಲೈನ್ ಮೇಲೆ. ಆ ಸರ್ಕಲ್ ಮುಟ್ಟುವುದು ಸಿ-ಯನ್ನು, ಎಕ್ಸ್ ಅನ್ನು, ಮತ್ತು ಉದ್ದ ಬದಿಗಳಲ್ಲಿ ಮೂಲೆಯಿಂದ 10 ಮೀಟರ್ ದೂರದ ಒಂದೊಂದು ಬಿಂದುವನ್ನು. ಅಂದರೆ ಎಚ್, ಎಂ ದಾಟಿ ಇನ್ನೂ 4 ಮೀಟರ್ ಆಚೆ. ಹೆಚ್ಚಿನವರು ಎಡವುವುದು ಇಲ್ಲೇ: ಎಚ್ ಅಕ್ಷರ ಕಣ್ಣಿಗೆ ಕಾಣುತ್ತದೆ, ಅದನ್ನೇ ಗುರಿ ಮಾಡಿ ಮೂಲೆಗೆ ನುಗ್ಗುತ್ತಾರೆ, ಸರ್ಕಲ್ ಚೌಕವಾಗುತ್ತದೆ. ಸರ್ಕಲ್‌ಗೆ ಮೂಲೆ ಇಲ್ಲ. ಇ ಅಥವಾ ಬಿ ಸರ್ಕಲ್ ಆದರೆ ಗೂಟ ಎಕ್ಸ್‌ನಲ್ಲಿ. ಅದು ಸೆಂಟರ್‌ಲೈನ್ ದಾಟುವುದು ಎ-ಯಿಂದ ಮತ್ತು ಸಿ-ಯಿಂದ 10 ಮೀಟರ್ ದೂರದಲ್ಲಿ, ಅಂದರೆ ಡಿ ಮತ್ತು ಜಿ-ಗಿಂತ 4 ಮೀಟರ್ ಒಳಗೆ.

ಸರ್ಕಲ್‌ನ ಕಾಲುಭಾಗ 15.7 ಮೀಟರ್. ಪ್ರತಿ ಕಾಲುಭಾಗಕ್ಕೆ ಎಷ್ಟು ಹೆಜ್ಜೆ ಬೀಳುತ್ತದೆ ಎಂದು ಬಾಯಲ್ಲೇ ಎಣಿಸಿ. ಒಂದರಲ್ಲಿ ಆರು, ಮುಂದಿನದರಲ್ಲಿ ಎಂಟು ಬಂದರೆ ಆಕಾರ ಮೊಟ್ಟೆಯಾಗಿದೆ, ಇಲ್ಲವೇ ವೇಗ ಬದಲಾಗಿದೆ. ಒಂದು ವಾರ ಸುಣ್ಣದ ಮೇಲೆ ಮಾಡಿ. ಆಮೇಲೆ ಸುಣ್ಣ ಅಳಿಸಿ, ನಾಲ್ಕು ಮುಟ್ಟುಬಿಂದುಗಳಲ್ಲಿ ಮಾತ್ರ ಪುಟ್ಟ ಕೋನ್ ಇಟ್ಟು ಮಾಡಿ. ಅದಾದ ಮೇಲೆ ಕೋನ್ ಕೂಡ ಬೇಡ.

ಸೆಂಟರ್‌ಲೈನ್ ಹಾವಾಗುವುದಕ್ಕೆ ಕಾರಣ ಬಹುಪಾಲು ತಿರುವಿನಲ್ಲೇ ಇರುತ್ತದೆ, ಗೆರೆಯಲ್ಲಿ ಅಲ್ಲ. ತಿರುಗುವಾಗ ಒಳಗಿನ ಲಗಾಮು ಎಳೆದರೆ ಕುತ್ತಿಗೆ ಮಾತ್ರ ತಿರುಗಿ ಹೊರಭುಜ ಗೆರೆ ದಾಟಿಹೋಗುತ್ತದೆ. ಅದನ್ನು ವಾಪಸ್ ತರಲು ಇನ್ನೊಂದು ಲಗಾಮು ಎಳೆಯುತ್ತೀರಿ, ಅಲ್ಲಿಗೆ ಹಾವು ಶುರು. ತಿರುವನ್ನು 10 ಮೀಟರ್ ಸರ್ಕಲ್‌ನ ಅರ್ಧ ಎಂದುಕೊಂಡು, ಹೊರ ಲಗಾಮು ಮತ್ತು ಹೊರಗಾಲಿನಿಂದ ಭುಜವನ್ನು ತನ್ನಿ. ಡಿ-ಯಲ್ಲಿ ಎರಡು ಕಂಬಗಳನ್ನು ಒಂದು ಮೀಟರ್ ಅಂತರದಲ್ಲಿ ಉದ್ದಕ್ಕೆ ಮಲಗಿಸಿ ಅವುಗಳ ನಡುವೆ ಹೋಗುವುದನ್ನು ರೂಢಿ ಮಾಡಿ. ಕಣ್ಣು ಸಿ ಮೇಲೆ ಇರಲಿ, ಕುದುರೆಯ ಕಿವಿ ಮೇಲೆ ಬೇಡ. ಇನ್ನೊಂದು: ಪ್ರವೇಶಕ್ಕೆ ಯಾವ ಕೈಯಿಂದ ಬರಬೇಕು ಎಂಬುದು ನಿಮ್ಮ ಆಯ್ಕೆ. ಅವನು ಸಲೀಸಾಗಿ ತಿರುಗುವ ಕಡೆಯಿಂದಲೇ ಬನ್ನಿ.

ಸಿ_ಬಳಿಯ_ಲೇಖನಿ

ಜಡ್ಜ್ ಪಕ್ಕ ಕೂತು ಅಂಕ ಬರೆದುಕೊಳ್ಳುವ ಕೆಲಸದ ಕಡೆಯಿಂದ ನಾಲ್ಕು ಮಾತು.

ಪ್ರತಿ ಚಲನೆಗೆ 0ಯಿಂದ 10, ಅರ್ಧ ಅಂಕವೂ ಇದೆ. 5 ಅಂದರೆ ಹೇಗೋ ಸಾಕು ಎನ್ನುವಷ್ಟು, 6 ಅಂದರೆ ತೃಪ್ತಿಕರ, 7 ಪರವಾಗಿಲ್ಲ ಚೆನ್ನಾಗಿದೆ, 8 ಚೆನ್ನಾಗಿದೆ. 4 ಅಂದರೆ ಸಾಲದು. 0 ಅಂದರೆ ಮಾಡಿಯೇ ಇಲ್ಲ. ಹೊಸಬರು 6 ನೋಡಿ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಬೇಡ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 2023ರಲ್ಲಿ ಭಾರತ ತಂಡ ಡ್ರೆಸಾಜ್ ಚಿನ್ನ ಗೆದ್ದದ್ದು ಮೂವರ ಶೇಕಡಾ ಅಂಕ ಕೂಡಿ ಬಂದ 209.205ರಿಂದ. ಅನುಷ್ ಅಗರವಾಲಾ 71.088, ಹೃದಯ್ ಛೇಡಾ 69.941, ದಿವ್ಯಕೃತಿ ಸಿಂಗ್ 68.176. ಸರಾಸರಿ 70ಕ್ಕಿಂತ ಕೂದಲೆಳೆ ಕಡಿಮೆ. ಅವರ ಟೆಸ್ಟ್‌ನ ಕಷ್ಟವೇ ಬೇರೆ, ಹೋಲಿಕೆಗಾಗಿ ಹೇಳುತ್ತಿಲ್ಲ. ಈ ಕ್ರೀಡೆಯಲ್ಲಿ ಅಂಕದ ಅಳತೆಗೋಲು ಎಷ್ಟು ಬಿಗಿ ಎಂದು ತಿಳಿಯಲಿ ಅಂತ. ಬೆಂಗಳೂರಿನ ಫೌವಾದ್ ಮಿರ್ಜಾ ಟೋಕಿಯೊ ಒಲಿಂಪಿಕ್ಸ್ ಈವೆಂಟಿಂಗ್‌ನ (ಡ್ರೆಸಾಜ್, ಕ್ರಾಸ್‌ಕಂಟ್ರಿ, ಜಂಪಿಂಗ್ ಮೂರೂ ಸೇರಿದ ಸ್ಪರ್ಧೆ) ಡ್ರೆಸಾಜ್ ಸುತ್ತಿನಲ್ಲಿ ಪಡೆದದ್ದು 28 ಪೆನಾಲ್ಟಿ. ಈವೆಂಟಿಂಗ್‌ನಲ್ಲಿ ಶೇಕಡಾವನ್ನು 100ರಿಂದ ಕಳೆಯುತ್ತಾರೆ, ಹಾಗಾಗಿ ಅದು 72 ಶೇಕಡಾ. ಮೊದಲ ಪ್ರಿಲಿಮಿನರಿಯಲ್ಲಿ 60 ದಾಟಿದರೆ ಮರ್ಯಾದೆಯ ಅಂಕ.

ನಿಮ್ಮ ಹಾಳೆಯಲ್ಲಿ ಯಾವ ಚಲನೆಯ ಮುಂದೆ ಗುಣಕ 2 ಇದೆ ನೋಡಿ. ಫ್ರೀ ವಾಕ್‌ಗೆ ಇರುವುದು ತೀರಾ ಸಾಮಾನ್ಯ. ಅಲ್ಲಿ 5ರ ಬದಲು 7 ತಂದರೆ ನಾಲ್ಕು ಅಂಕ. ಟ್ರಾಟ್‌ಗೆ ಹೊಸ ಹೊಳಪು ತರಲು ಆರು ತಿಂಗಳು ಬೇಕು. ವಾಕ್ ಚೆನ್ನಾಗಿದೆ ಎಂದು ನೀವೇ ಬರೆದಿದ್ದೀರಿ, ಹಾಗಾಗಿ ನಿಮ್ಮ ಕುದುರೆಯ ಅಂಕ ಅಲ್ಲೇ ಇದೆ. ಜಡ್ಜ್ ನೋಡುವುದು: ಹಿಂಗೊರಸು ಮುಂಗೊರಸಿನ ಗುರುತು ದಾಟಿ ಬೀಳುತ್ತಿದೆಯೇ, ಕುತ್ತಿಗೆ ಮುಂದಕ್ಕೂ ಕೆಳಕ್ಕೂ ಚಾಚಿದೆಯೇ, ನಾಲ್ಕು ತಾಳ ಸಮವಾಗಿದೆಯೇ, ಡಯಾಗನಲ್ ನೆಟ್ಟಗಿದೆಯೇ. ತಪ್ಪು ಆಗುವುದು ಎರಡು ತುದಿಯಲ್ಲಿ. ಮೂಲೆಯಲ್ಲೇ ಲಗಾಮನ್ನು ಒಮ್ಮೆಗೇ ಬಿಸಾಡಿದರೆ ಕುದುರೆ ತಲೆ ಎತ್ತಿ ಸುತ್ತ ನೋಡುತ್ತದೆ. ಮೂರು ನಾಲ್ಕು ಹೆಜ್ಜೆಗಳಲ್ಲಿ ಬೆರಳ ಸಂದಿಯಿಂದ ಜಾರಲು ಬಿಡಿ. ಕೊನೆಯಲ್ಲಿ ಅಕ್ಷರ ಬಂದುಬಿಟ್ಟಿತೆಂದು ಗಬಕ್ಕನೆ ಎಳೆದುಕೊಂಡರೆ ಟ್ರಾಟ್‌ಗೆ ಹಾರುತ್ತದೆ. ಇಂಚಿಂಚಾಗಿ ಎತ್ತಿಕೊಳ್ಳಿ, ಕಾಲು ಹೊಟ್ಟೆಗೆ ತಾಗಿಕೊಂಡೇ ಇರಲಿ.

ಹಾಲ್ಟ್: ಎಕ್ಸ್ ಮೇಲೆ ಅಂದರೆ ನಿಮ್ಮ ದೇಹ ಎಕ್ಸ್ ಮೇಲೆ, ಕುದುರೆಯ ಮೂತಿ ಅಲ್ಲ. ಡಯಾಗನಲ್ ಮುಗಿಸಿ ಅಕ್ಷರದಲ್ಲಿ ಬದಲಾವಣೆ ಕೇಳಿದ್ದರೆ ಲೆಕ್ಕ ಬೇರೆ, ಕುದುರೆಯ ಮೂಗು ಟ್ರ್ಯಾಕ್ ಮುಟ್ಟಿದಾಗ ಮಾಡಬೇಕು. ಹಾಲ್ಟ್‌ನಲ್ಲಿ ಮೂರು ಸೆಕೆಂಡ್ ಅಲ್ಲಾಡದೆ ನಿಲ್ಲಿಸಿ. ಎರಡೂ ಲಗಾಮು ಒಂದು ಕೈಗೆ, ಇನ್ನೊಂದು ಕೈ ಕೆಳಗೆ ಇಳಿಬಿಟ್ಟು ತಲೆ ಬಾಗಿಸಿ, ಲಗಾಮು ಮತ್ತೆ ಎರಡೂ ಕೈಗೆ ತೆಗೆದುಕೊಂಡ ಮೇಲಷ್ಟೇ ಹೊರಡಿ. ಒಂದು ಹಿಂಗಾಲು ಹಿಂದೆ ಉಳಿದರೆ ಆರೋ ಆರೂವರೆಯೋ ಸಿಗಬಹುದು. ಅದನ್ನು ಸರಿಪಡಿಸಲು ಹೋಗಿ ಕುದುರೆ ಹಿಂದಕ್ಕೆ ಹೆಜ್ಜೆ ಹಾಕಿತೋ, ಕಳೆದುಕೊಳ್ಳುವುದು ಅದಕ್ಕಿಂತ ಹೆಚ್ಚು.

ಶೇಕಡಾ ಲೆಕ್ಕ: ಒಟ್ಟು 200ಕ್ಕೆ 126 ಬಂದರೆ 63. ದಾರಿ ತಪ್ಪಿದರೆ ರಾಷ್ಟ್ರೀಯ ಮಟ್ಟದ ಕೆಳ ಕ್ಲಾಸುಗಳಲ್ಲಿ ರೂಢಿಯಾಗಿ ಮೊದಲ ತಪ್ಪಿಗೆ 2 ಅಂಕ, ಎರಡನೆಯದಕ್ಕೆ 4, ಮೂರನೆಯದಕ್ಕೆ ಹೊರಗೆ. ಅಂತರರಾಷ್ಟ್ರೀಯ ಕ್ಲಾಸುಗಳ ದಂಡ ಇದಕ್ಕಿಂತ ಕಠಿಣ. ನಿಮ್ಮ ಷೋದ ಪ್ರಾಸ್ಪೆಕ್ಟಸ್‌ನಲ್ಲಿ ಯಾವ ನಿಯಮ ಎಂದು ಬರೆದಿರುತ್ತದೆ, ಅದನ್ನೇ ಹಿಡಿಯಿರಿ.

ಒಳಗಾಲು_ಹೊರಲಗಾಮು

ಟ್ರಾಟ್ ಓಡುವುದರ ಬಗ್ಗೆ. ರೇಸ್ ಕುದುರೆಗೆ ಲಗಾಮಿನ ಬಿಗಿ ಅಂದರೆ ಆತುಕೊಂಡು ಮುನ್ನುಗ್ಗು ಎಂದೇ ಅಭ್ಯಾಸವಾಗಿರುತ್ತದೆ. ನೀವು ಎಳೆದಷ್ಟೂ ಅವನು ಓಡುವುದು ಹಟದಿಂದಲ್ಲ, ಕಲಿತ ಪಾಠ ಒಪ್ಪಿಸುತ್ತಿದ್ದಾನೆ. ಹಾಗಾಗಿ ಬ್ರೇಕನ್ನು ಕೈಯಿಂದ ತೆಗೆದು ಬೇರೆ ಕಡೆಗೆ ಇಡಬೇಕು.

ಮೊದಲನೆಯದು ನಿಮ್ಮ ರೈಸಿಂಗ್. ಏಳುವುದು ಕೂರುವುದು ಎರಡನ್ನೂ ಅವನ ತಾಳಕ್ಕಿಂತ ಚೂರು ನಿಧಾನ ಮಾಡಿ. ಹತ್ತು ಹನ್ನೆರಡು ಹೆಜ್ಜೆಯಲ್ಲಿ ಅವನೇ ನಿಮ್ಮ ತಾಳಕ್ಕೆ ಬರುತ್ತಾನೆ. ಎರಡನೆಯದು ಟ್ರಾನ್ಸಿಶನ್. 20 ಮೀಟರ್ ಸರ್ಕಲ್ ಮೇಲೆ ಹನ್ನೆರಡು ಹೆಜ್ಜೆ ಟ್ರಾಟ್, ನಾಲ್ಕು ಹೆಜ್ಜೆ ವಾಕ್, ಮತ್ತೆ ಟ್ರಾಟ್. ಹೀಗೆ ಹತ್ತು ಸಲ ಒಂದು ಕೈಗೆ, ಹತ್ತು ಸಲ ಇನ್ನೊಂದಕ್ಕೆ. ಐದಾರು ಸಲವಾದ ಮೇಲೆ "ಈಗ ವಾಕ್ ಕೇಳುತ್ತಾರೆ" ಎಂದು ಅವನೇ ಕಾದು ಕೂತಿರುತ್ತಾನೆ. ಆಗ ವಾಕ್‌ಗೆ ಇಳಿಸುವ ಮಾತು ಶುರು ಮಾಡಿ, ಅವನು ಬೆನ್ನು ಎತ್ತಿ ನಿಧಾನಿಸಿದ ಗಳಿಗೆಗೆ ಕಾಲು ಕೊಟ್ಟು ಟ್ರಾಟ್‌ನಲ್ಲೇ ಮುಂದುವರಿಸಿ. ಅದೇ ಹಾಫ್‌ಹಾಲ್ಟ್. ಮೂರನೆಯದು, ಓಡಲು ಹೊರಟರೆ ನೇರ ಗೆರೆಯಿಂದ 15 ಮೀಟರ್ ಸರ್ಕಲ್‌ಗೆ ತಿರುಗಿಸಿ, ಆಕಾರವೇ ನಿಧಾನ ಮಾಡಲಿ. ಕಾಲನ್ನು ಕುದುರೆಯಿಂದ ದೂರ ಹಿಡಿಯಬೇಡಿ. ಬಿಸಿ ಕುದುರೆ ಮೇಲೆ ಎಲ್ಲರೂ ಮಾಡುವ ತಪ್ಪು ಇದು. ದೂರವಿದ್ದ ಕಾಲು ಒಮ್ಮೆ ತಾಗಿದರೆ ಅವನಿಗೆ ಅದು ಆಘಾತ.

ಎಡ ಕ್ಯಾಂಟರ್. ತಪ್ಪು ಲೀಡ್‌ಗೆ ಕಾರಣ ಮೂರರಲ್ಲಿ ಒಂದು: ಕೇಳುವ ಗಳಿಗೆಯಲ್ಲಿ ಟ್ರಾಟ್ ಓಡುತ್ತಿದೆ, ಕುದುರೆ ಹೊರಗೆ ಬಾಗಿದೆ, ಅಥವಾ ಸವಾರನ ಭಾರ ಹೊರಗೆ ಜಾರಿದೆ. ನೇರ ಗೆರೆಯಲ್ಲಿ ಕೇಳಬೇಡಿ. 20 ಮೀಟರ್ ಸರ್ಕಲ್‌ನಿಂದ 15ಕ್ಕೆ ಒಳಗೆ ಬನ್ನಿ. ಒಳಗಾಲಿನಿಂದ ಒತ್ತಿ ಮತ್ತೆ 20ರ ಗೆರೆಗೆ ಹೊರಗೆ ತಳ್ಳುತ್ತಾ ಹೋಗಿ. ಹೊರ ಲಗಾಮಿನಲ್ಲಿ ಅವನ ಭಾರ ತುಂಬಿಕೊಂಡದ್ದು ತಿಳಿಯುತ್ತದೆ. ಆ ಕ್ಷಣ ಒಳಗಾಲು ಗರ್ತ್ (ಜೀನಿನ ಹೊಟ್ಟೆಪಟ್ಟಿ) ಬಳಿ, ಹೊರಗಾಲು ಒಂದು ಗೇಣು ಹಿಂದೆ, ಎಡ ಕೂರುಮೂಳೆ ಭಾರ, ಕ್ಯಾಂಟರ್. ಎಡಗಡೆ ನೋಡಲು ಕೆಳಗೆ ಬಗ್ಗಬೇಡಿ, ಬಗ್ಗಿದರೆ ಭಾರ ಮುಂಭುಜದ ಮೇಲೆ ಬಿದ್ದು ಅವನಿಗೆ ಎತ್ತಲು ಆಗುವುದಿಲ್ಲ.

ಯಾವಾಗಲೂ ಒಂದೇ ಕಡೆ ತೊಂದರೆ ಎಂದಾದರೆ ತರಬೇತಿಗಿಂತ ಮೊದಲು ದೇಹ ಪರೀಕ್ಷೆ ಮಾಡಿಸಿ. ಬೆನ್ನು, ಹಿಂಗಾಲಿನ ಕೀಲು, ಹಲ್ಲು, ಲಾಳದ ಮಟ್ಟ, ಜೀನಿನ ಮರದ ಚೌಕಟ್ಟು ಭುಜಕ್ಕೆ ಒತ್ತುತ್ತಿದೆಯೇ ಎಂಬುದು. ನೋವಿರುವ ಕುದುರೆಗೆ ಎಷ್ಟು ಸರ್ಕಲ್ ಮಾಡಿಸಿದರೂ ಅದು ಪಾಠವಾಗುವುದಿಲ್ಲ, ಹಿಂಸೆಯಾಗುತ್ತದೆ. ಪಶುವೈದ್ಯರನ್ನು ಮೊದಲ ವಾರದಲ್ಲೇ ಕರೆಸಿ, ಐದನೇ ವಾರದಲ್ಲಲ್ಲ.

ಷೋನಲ್ಲಿ ತಪ್ಪು ಲೀಡ್ ಬಂದೇಬಿಟ್ಟರೆ ಗಾಬರಿಯಾಗದೆ ಟ್ರಾಟ್‌ಗೆ ಇಳಿಸಿ, ಮೂರ್ನಾಲ್ಕು ಹೆಜ್ಜೆ ಸರಿಮಾಡಿಕೊಂಡು ಮತ್ತೆ ಕೇಳಿ. ಆ ಟ್ರಾನ್ಸಿಶನ್‌ನ ಅಂಕ ಹೋಯಿತು, ಆದರೆ ಸರ್ಕಲ್‌ನ ಅಂಕ ಉಳಿಯುತ್ತದೆ. ತಪ್ಪು ಲೀಡ್‌ನಲ್ಲೇ ಸರ್ಕಲ್ ಮುಗಿಸಿದರೆ ಎರಡೂ ಹೋಗುತ್ತವೆ.

ಹಾಲ್ಟ್‌ಗೆ ಹಿಂಗಾಲು ಉಳಿಯುವುದು ನೀವು ಕೈಯಿಂದ ನಿಲ್ಲಿಸುತ್ತಿರುವುದರಿಂದ. ಮುಂದಿನ ಬಾಗಿಲು ಮುಚ್ಚಿತು, ಹಿಂದಿನ ಎಂಜಿನ್ ಬರಲೇ ಇಲ್ಲ. ಕೊನೆಯ ಮೂರು ಹೆಜ್ಜೆ ಬೆನ್ನು ನೆಟ್ಟಗೆ, ಎರಡೂ ಕಾಲು ತಾಗಿಸಿ, ಬೆರಳು ಮುಚ್ಚಿ. ನಿಂತ ಕೂಡಲೇ ಬೆರಳು ಸಡಿಲ. ಈ ಮಟ್ಟದಲ್ಲಿ ವಾಕ್ ಮೂಲಕ ನಿಲ್ಲಿಸಲು ಹಾಳೆ ಅವಕಾಶ ಕೊಟ್ಟಿದ್ದರೆ ಅದನ್ನು ಬಳಸಿಕೊಳ್ಳಿ.

ನನ್ನ ಹಂಚಿಕೆ ಹೀಗೆ: ಮೊದಲ ಎರಡು ವಾರ ಟ್ರಾಟ್ ತಾಳ ಮತ್ತು ಟ್ರಾನ್ಸಿಶನ್ ಮಾತ್ರ, ಮುಂದಿನ ಎರಡು ವಾರ ಕ್ಯಾಂಟರ್ ಮತ್ತು ಸೆಂಟರ್‌ಲೈನ್, ಐದನೇ ವಾರದಿಂದ ದಿನಾ ಒಮ್ಮೆ ಪೂರ್ತಿ ಟೆಸ್ಟ್.

ಸುಣ್ಣದ_ಗೆರೆ

ಮೇಲಿನ ಕೊನೆಯ ಸಾಲಿಗೆ ನನ್ನ ಒಪ್ಪಿಗೆ ಇಲ್ಲ, ಕ್ಷಮಿಸಿ. ಥರೋಬ್ರೆಡ್‌ಗೆ ದಿನಾ ಪೂರ್ತಿ ಟೆಸ್ಟ್ ಮಾಡಿಸಿದರೆ ನಾಲ್ಕೇ ದಿನಕ್ಕೆ ಬಾಯಿಪಾಠ ಆಗಿಬಿಡುತ್ತದೆ. ಎಕ್ಸ್ ಬಂದರೆ ತಾನೇ ನಿಲ್ಲುತ್ತಾನೆ, ಕ್ಯಾಂಟರ್ ಅಕ್ಷರಕ್ಕೆ ಹತ್ತು ಮೀಟರ್ ಇರುವಾಗಲೇ ಕುಣಿಯಲು ಶುರು. ಪಾಠ ಬೇಕಾಗಿರುವುದು ಸವಾರನಿಗೆ. ಅಂಗಳದಲ್ಲಿ 2 ಬೈ 4 ಮೀಟರ್ ಅರೇನಾವನ್ನು ರಂಗೋಲಿಯಲ್ಲಿ ಹಾಕಿ, ನೀವೇ ಕಾಲ್ನಡಿಗೆಯಲ್ಲಿ ದಿನಾ ಮೂರು ಸಲ ಟೆಸ್ಟ್ ನಡೆಯಿರಿ, ಬಾಯಲ್ಲಿ ಅಕ್ಷರ ಹೇಳಿಕೊಳ್ಳುತ್ತಾ. ಕುದುರೆ ಮೇಲೆ ತುಂಡು ತುಂಡಾಗಿ ಮಾಡಿ: ಎರಡು ಮೂರು ಚಲನೆ ಸೇರಿಸಿ, ಕ್ರಮ ಬದಲಿಸಿ, ಹತ್ತು ಸೆಂಟರ್‌ಲೈನ್‌ನಲ್ಲಿ ಎರಡಕ್ಕೆ ಮಾತ್ರ ಹಾಲ್ಟ್ ಕೇಳಿ.

ಒಳಗಾಲು_ಹೊರಲಗಾಮು

ಕುದುರೆ ಮುಂಚಿತವಾಗಿ ಊಹಿಸುವ ಅಪಾಯ ನಿಜ, ದಿನಾ ಎಂದದ್ದು ಹೆಚ್ಚಾಯಿತು. ಆದರೆ ಒಮ್ಮೆಯೂ ಪೂರ್ತಿ ಮಾಡದೆ ಹೋಗುವುದೂ ತಪ್ಪು. ಐದು ನಿಮಿಷ ಎಡೆಬಿಡದೆ ಗಮನ ಹಿಡಿದಿಡುವ ಶಕ್ತಿ ಇಬ್ಬರಿಗೂ ಇದೆಯೇ ಎಂದು ತುಂಡುಗಳಲ್ಲಿ ಗೊತ್ತಾಗುವುದಿಲ್ಲ. ಒಂದು ಚಲನೆ ಕೆಟ್ಟಾಗ ನಿಲ್ಲಿಸಿ ಸರಿಮಾಡದೆ ಮುಂದೆ ಸಾಗುವುದೂ ಬೇರೆಯೇ ಕೌಶಲ. ವಾರಕ್ಕೆ ಒಂದು ಸಲ, ಷೋ ಬಟ್ಟೆ ಹಾಕಿ, ಮೊಬೈಲ್‌ನಲ್ಲಿ ಸಿ ಕಡೆಯಿಂದ ವಿಡಿಯೊ ತೆಗೆಸಿ ಮಾಡಿ. ಅಷ್ಟು ಸಾಕು.

ತಪ್ಪಲಿನ_ಸವಾರ

ಎಲ್ಲರಿಗೂ ತುಂಬಾ ಧನ್ಯವಾದ. ವಾರಕ್ಕೊಮ್ಮೆ ಪೂರ್ತಿ, ಉಳಿದ ದಿನ ತುಂಡು, ಹಾಗೇ ಮಾಡುತ್ತೇನೆ. ಪಶುವೈದ್ಯರನ್ನು ಈ ವಾರವೇ ಕರೆಸುತ್ತೇನೆ. ಇನ್ನು ಮೇವು, ಪ್ರಯಾಣ, ಸಾಮಾನು, ವಾರ್ಮ್‌ಅಪ್ ಬಗ್ಗೆ ಯಾರಾದರೂ ಹೇಳುವಿರಾ? ಈಗ ಬೆಳಿಗ್ಗೆ ಸಂಜೆ ಓಟ್ಸ್ ಮತ್ತು ಬೇಯಿಸಿದ ಹುರುಳಿ ಕೊಡುತ್ತಿದ್ದೇವೆ, ಜೊತೆಗೆ ಒಣಹುಲ್ಲು.

ಹುರುಳಿ_ಚೀಲ

ಮೇವಿನಿಂದ ಶುರು ಮಾಡೋಣ, ಏಕೆಂದರೆ ಓಡುವ ಟ್ರಾಟ್‌ನ ಒಂದು ಪಾಲು ಮೇವಿನ ತೊಟ್ಟಿಯಲ್ಲೇ ಇರಬಹುದು. 450 ಕೆ.ಜಿ. ಕುದುರೆಗೆ ದಿನಕ್ಕೆ ದೇಹತೂಕದ ಶೇ 1.5ರಿಂದ 2ರಷ್ಟು ಒಣಹುಲ್ಲು ಬೇಕು, ಅಂದರೆ ಸುಮಾರು 7ರಿಂದ 9 ಕೆ.ಜಿ. ತೂಗಿ ನೋಡಿ, ಕಣ್ಣಳತೆ ಬೇಡ. ಇದು ಕಡಿಮೆಯಾಗಿ ಓಟ್ಸ್ ಹೆಚ್ಚಾದರೆ ಪ್ರಿಲಿಮಿನರಿ ಮಟ್ಟದ ಕೆಲಸಕ್ಕೆ ಬೇಕಾಗದ ಕಾವು ಏರುತ್ತದೆ, ಹೊಟ್ಟೆಹುಣ್ಣಿಗೂ ದಾರಿ. ಓಟ್ಸ್ ಕಡಿಮೆ ಮಾಡಿ ಹುಲ್ಲು ಹೆಚ್ಚಿಸುವುದನ್ನು ಈಗಲೇ ಶುರು ಮಾಡಿ, ಹತ್ತು ದಿನದಲ್ಲಿ ಹಂತಹಂತವಾಗಿ. ಷೋ ವಾರದಲ್ಲಿ ಮೇವು ಬದಲಿಸಿದರೆ ಶೂಲೆ ಬರಿಸಿಕೊಂಡಂತೆ.

ಹುಲ್ಲನ್ನು ಮನೆಯಿಂದಲೇ ಒಯ್ಯಿರಿ. ಹೊಸ ಊರಿನ ನೀರನ್ನು ಎಷ್ಟೋ ಕುದುರೆಗಳು ಮೂಸಿ ಬಿಡುತ್ತವೆ. ನೀರು ಕುಡಿಯದೆ ಒಣಹುಲ್ಲು ತಿಂದರೆ ಕರುಳು ಕಟ್ಟಿ ಶೂಲೆ ಬರುತ್ತದೆ. ಒಂದು ವಾರ ಮೊದಲಿನಿಂದ ಬಕೆಟ್ ನೀರಿಗೆ ಒಂದು ಹಿಡಿ ಬೆಲ್ಲ ಕರಗಿಸಿ ರೂಢಿ ಮಾಡಿಸಿ, ಅಲ್ಲೂ ಅದೇ ರುಚಿ ಕೊಡಿ. ದಿನಕ್ಕೆ 25ರಿಂದ 50 ಲೀಟರ್ ಕುಡಿಯಬೇಕು, ಸೆಕೆಯಲ್ಲಿ ಇನ್ನೂ ಹೆಚ್ಚು. ಎಷ್ಟು ಬಕೆಟ್ ಖಾಲಿಯಾಯಿತು ಎಂದು ಬರೆದಿಡಿ. ಮೈಸೂರಿಂದ ಬೆಂಗಳೂರಿಗೆ ಹಿಂದಿನ ದಿನವೇ ಹೋಗಿ, ಬೆಳಗಿನ ತಂಪಿನಲ್ಲಿ. ಸಂಜೆ ಅರ್ಧ ಗಂಟೆ ಕೈಯಲ್ಲಿ ಹಿಡಿದು ನಡೆಸಿ, ಅರೇನಾದ ಹೊರಗೆ ಹೂಕುಂಡ, ಬ್ಯಾನರ್, ಜಡ್ಜ್ ಗೂಡು ಎಲ್ಲ ತೋರಿಸಿ.

ಕಾಗದಪತ್ರ: ಕುದುರೆಯ ಪಾಸ್‌ಪೋರ್ಟ್, ಇನ್‌ಫ್ಲುಯೆಂಜಾ ಲಸಿಕೆಯ ದಾಖಲೆ, ಗ್ಲ್ಯಾಂಡರ್ಸ್ ಮತ್ತು ಇಕ್ವೈನ್ ಇನ್‌ಫೆಕ್ಷಸ್ ಅನೀಮಿಯ ರಕ್ತಪರೀಕ್ಷೆ. ಪ್ರಾಸ್ಪೆಕ್ಟಸ್‌ನಲ್ಲಿ ಯಾವುದು ಎಷ್ಟು ದಿನದೊಳಗಿನದಾಗಿರಬೇಕು ಎಂದು ಇರುತ್ತದೆ. ಲ್ಯಾಬ್ ವರದಿ ಬರಲು ಹಿಡಿಯುವ ಸಮಯವನ್ನೂ ಸೇರಿಸಿ ಲೆಕ್ಕ ಹಾಕಿ.

ಒಂದು ಎಚ್ಚರ, ಇದನ್ನು ಸೈಸ್‌ಗೂ (ಕುದುರೆ ನೋಡಿಕೊಳ್ಳುವವರಿಗೂ) ಕೂರಿಸಿ ಹೇಳಿ. ಷೋ ಹತ್ತಿರದಲ್ಲಿ ಯಾವ ಪೇಸ್ಟ್, ಪುಡಿ, "ಕುದುರೆ ತಣ್ಣಗಾಗುತ್ತದೆ" ಎನ್ನುವ ನಾಟಿ ಮದ್ದು, ಏನೂ ಬೇಡ. ಉಳಿದ ಚಹಾ, ಕಾಫಿ, ಚಾಕೊಲೇಟ್ ಬಾಯಿಗೆ ಕೊಡಬಾರದು. ಕೆಫೀನ್ ಮತ್ತು ಥಿಯೊಬ್ರೊಮಿನ್ ಡೋಪ್ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತವೆ. ನಮ್ಮ ಕಡೆ ನೆನಪಿಡಬೇಕಾದ್ದು ಗಸಗಸೆ: ಅದರಲ್ಲಿ ಮಾರ್ಫಿನ್ ಅಂಶ ಇರುತ್ತದೆ. ಗಸಗಸೆ ಪಾಯಸ ಮಾಡಿದ ಪಾತ್ರೆಯಲ್ಲಿ ಹುರುಳಿ ಬೇಯಿಸುವಂಥ ಅಚಾತುರ್ಯ ಆಗಬಾರದು.

ಸಾಮಾನು: ಸ್ನ್ಯಾಫಲ್ ಕಡಿವಾಣ, ಮೂಗುಪಟ್ಟಿಯ ಕೆಳಗೆ ಮೂಗಿನ ಮೂಳೆ ಮೇಲೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಈ ಮಟ್ಟಕ್ಕೆ ಜನರಲ್ ಪರ್ಪಸ್ ಜೀನು ಸಾಮಾನ್ಯವಾಗಿ ನಡೆಯುತ್ತದೆ. ಮಾರ್ಟಿಂಗೇಲ್ (ಕುದುರೆ ತಲೆ ಎತ್ತದಂತೆ ತಡೆಯುವ ಪಟ್ಟಿ) ಇಲ್ಲ. ಕಾಲಿನ ಬೂಟು, ಬ್ಯಾಂಡೇಜ್ ವಾರ್ಮ್‌ಅಪ್‌ನಲ್ಲಿ ಸರಿ, ಅರೇನಾದೊಳಗೆ ಇದ್ದರೆ ನೇರ ಎಲಿಮಿನೇಷನ್. ಮೊದಲ ಷೋನಲ್ಲಿ ಅನ್ಯಾಯವಾಗಿ ಹೊರಬೀಳುವುದು ಇದರಿಂದಲೇ ಹೆಚ್ಚು. ಬೂಟು ಬಿಚ್ಚುವುದನ್ನು ಒಬ್ಬರ ಹೆಸರಿಗೆ ಹಚ್ಚಿ. "ಯಾರಾದರೂ ಬಿಚ್ಚುತ್ತಾರೆ" ಎಂದರೆ ಯಾರೂ ಬಿಚ್ಚುವುದಿಲ್ಲ. ವಿಪ್ ಒಳಗೆ ಒಯ್ಯಬಹುದೇ, ಎಷ್ಟು ಉದ್ದ, ಅದೂ ನಿಯಮ ನೋಡಿ.

ಜೂಲು ಹೆಣೆಯುವವರು ಹಿಂದಿನ ದಿನ ಶಾಂಪೂ ಹಾಕಬೇಡಿ, ಜಾರಿ ಹೆಣಿಗೆ ನಿಲ್ಲುವುದಿಲ್ಲ. ಮೂರು ದಿನ ಮುಂಚೆ ತೊಳೆದು, ಅಂದು ಬರೀ ಒದ್ದೆ ಮಾಡಿ, ಸೂಜಿ ಮತ್ತು ಜೂಲಿನ ಬಣ್ಣದ ದಾರದಲ್ಲಿ ಹೊಲಿಯಿರಿ. ಸೂಜಿ ಲಾಯದ ಹುಲ್ಲಿನಲ್ಲಿ ಬೀಳದ ಹಾಗೆ ನೋಡಿಕೊಳ್ಳಿ.

ಒಳಗಾಲು_ಹೊರಲಗಾಮು

ವಾರ್ಮ್‌ಅಪ್ ಹಿಂದಿನಿಂದ ಲೆಕ್ಕ ಹಾಕಿ. ನಿಮ್ಮ ಸಮಯ 9:20 ಎಂದಿಟ್ಟುಕೊಳ್ಳಿ. 8:40ಕ್ಕೆ ಹತ್ತಿ. ಹತ್ತು ನಿಮಿಷ ಉದ್ದ ಲಗಾಮಿನ ವಾಕ್. 8:50ರಿಂದ ಕುತ್ತಿಗೆ ಕೆಳಗೆ ಬಿಟ್ಟ ನಿಧಾನ ಟ್ರಾಟ್, ದೊಡ್ಡ ಸರ್ಕಲ್, ಎರಡೂ ಕೈ. 8:58ಕ್ಕೆ ಟ್ರಾನ್ಸಿಶನ್‌ಗಳು. 9:04ಕ್ಕೆ ಕ್ಯಾಂಟರ್, ಬಲ ಮೊದಲು, ಆಮೇಲೆ ಎಡ. ಎಡ ಲೀಡ್ ಸರಿ ಬಂದರೆ ಅಲ್ಲಿಗೇ ಬಿಡಿ, "ಇನ್ನೊಂದು ಸಲ" ಬೇಡ. 9:10ಕ್ಕೆ ಎರಡು ನಿಮಿಷ ಫ್ರೀ ವಾಕ್, ನಿಮಗೂ ಉಸಿರು. ಬೂಟು ಬಿಚ್ಚಿಸಿ, ಎರಡು ಹಾಲ್ಟ್, ಒಂದು ಸರ್ಕಲ್, 9:16ಕ್ಕೆ ಗೇಟ್ ಬಳಿ. ಬಿಸಿಲು ಜೋರಿದ್ದರೆ ನಡುವಿನ ಟ್ರಾಟ್‌ನಿಂದ ಕೆಲವು ನಿಮಿಷ ಕತ್ತರಿಸಿ, ವಾಕ್‌ನಿಂದ ಅಲ್ಲ. ವಾರ್ಮ್‌ಅಪ್ ಜಾಗದಲ್ಲಿ ಎದುರಿನಿಂದ ಬರುವವರನ್ನು ಎಡಗೈಗೆ ಎಡಗೈ ದಾಟಿ, ವಾಕ್ ಮಾಡುವಾಗ ಹೊರಗಿನ ಟ್ರ್ಯಾಕ್ ಬಿಟ್ಟುಕೊಡಿ.

ತಪ್ಪಲಿನ_ಸವಾರ

ಇದನ್ನು ಹಾಗೇ ಬರೆದು ಲಾಯದ ಗೋಡೆಗೆ ಅಂಟಿಸುತ್ತೇನೆ. ಕೊನೆಯ ಎರಡು ಸಂದೇಹ. ಬೆಲ್ ಹೊಡೆದಾಗ ನಾನು ಸಿ ಹತ್ತಿರ ಇದ್ದರೆ ಎ-ಗೆ ಬರಲು ಸಮಯ ಸಾಕಾಗುತ್ತದೆಯೇ? ಒಳಗೆ ಮರೆತುಹೋದರೆ ಏನು ಮಾಡಬೇಕು?

ಸಿ_ಬಳಿಯ_ಲೇಖನಿ

ಬೆಲ್ ಆದ ಮೇಲೆ 45 ಸೆಕೆಂಡ್ ಇರುತ್ತದೆ. ವರ್ಕಿಂಗ್ ಟ್ರಾಟ್ ನಿಮಿಷಕ್ಕೆ ಸುಮಾರು 220 ಮೀಟರ್ ಎಂದು ಹಿಡಿದರೆ 20 ಬೈ 40ರ ಹೊರಸುತ್ತು 120 ಮೀಟರ್‌ಗೆ 33 ಸೆಕೆಂಡ್, ಕಟ್ಟೆಯ ಹೊರಗೆ ಹೋಗುವುದರಿಂದ ಇನ್ನೆರಡು ಮೂರು ಸೇರಿಸಿ. ಸಿ-ಯಿಂದ ಎ-ಗೆ ಅದರ ಅರ್ಧ. ಹಾಗಾಗಿ ಅವಸರ ಬೇಡ, ಎಲ್ಲಿದ್ದರೂ ಟ್ರಾಟ್‌ನಲ್ಲೇ ಬರಬಹುದು. ಮುಂದೆ 20 ಬೈ 60ಕ್ಕೆ ಹೋದಾಗ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿ ಸುತ್ತು 160 ಮೀಟರ್. ಎ ದಾಟಿದ ಕೂಡಲೇ ಬೆಲ್ ಆದರೆ ಪೂರ್ತಿ ಸುತ್ತದೆ ಹಿಂದಿರುಗಿ ಬರಬೇಕು. ಬೆಲ್‌ಗೆ ಮುಂಚೆ ಎರಡೂ ಕೈಗೆ ಒಂದೊಂದು ಸಲ ಜಡ್ಜ್ ಗೂಡಿನ ಮುಂದೆ ಹಾಯಿಸಿ, ಕುದುರೆ ಅದನ್ನು ನೋಡಿಕೊಳ್ಳಲಿ.

ಮರೆತರೆ: ದಾರಿ ತಪ್ಪಿದ್ದು ಜಡ್ಜ್‌ಗೆ ಕಂಡರೆ ಬೆಲ್ ಹೊಡೆಯುತ್ತಾರೆ. ವಾಕ್‌ಗೆ ಇಳಿಸಿ ಸಿ ಬಳಿ ಹೋಗಿ, ಎಲ್ಲಿಂದ ಮುಂದುವರಿಸಬೇಕೆಂದು ಅವರೇ ಹೇಳುತ್ತಾರೆ. ಕೇಳಿಸದಿದ್ದರೆ ಇನ್ನೊಮ್ಮೆ ಕೇಳಿ, ಅದಕ್ಕೆ ಅಂಕ ಕಡಿತವಿಲ್ಲ. 200ಕ್ಕೆ 2 ಅಂಕ ಅಂದರೆ ಶೇಕಡಾ ಒಂದು ಹೋಗುತ್ತದೆ, ಅಷ್ಟೇ. ಅದಕ್ಕೆ ಕಂಗಾಲಾಗಿ ಮುಂದಿನ ನಾಲ್ಕು ಚಲನೆ ಕೆಡಿಸಿಕೊಂಡರೆ ಹೋಗುವುದು ಅದರ ನಾಲ್ಕು ಪಟ್ಟು. ಕೆಳ ಕ್ಲಾಸುಗಳಲ್ಲಿ ಟೆಸ್ಟ್ ಓದಿ ಹೇಳಲು ಒಬ್ಬರನ್ನು ನಿಲ್ಲಿಸಿಕೊಳ್ಳಲು ಎಷ್ಟೋ ಷೋಗಳು ಬಿಡುತ್ತವೆ, ಮೊದಲೇ ಕೇಳಿ. ಓದುವವರು ಇ ಅಥವಾ ಬಿ ಬಳಿ ನಿಂತು, ಪ್ರತಿ ಚಲನೆಯನ್ನು ಅಕ್ಷರಕ್ಕೆ ಆರೇಳು ಹೆಜ್ಜೆ ಮುಂಚೆ, ಹಾಳೆಯಲ್ಲಿ ಇದ್ದ ಹಾಗೆಯೇ ಓದಬೇಕು. "ನಿಧಾನ", "ಬೆನ್ನು ನೆಟ್ಟಗೆ" ಎಂದು ಒಂದು ಮಾತು ಸೇರಿಸಿದರೂ ಅದು ಹೊರಗಿನ ಸಹಾಯ, ಎಲಿಮಿನೇಷನ್ ಆಗಬಹುದು. ನಾಲ್ಕೂ ಕಾಲು ಅರೇನಾದಿಂದ ಹೊರಗೆ ಹೋದರೂ ಅಷ್ಟೇ, ಹಾಗಾಗಿ ಕೊನೆಯ ಸಲ್ಯೂಟ್ ಆದ ಮೇಲೂ ಉದ್ದ ಲಗಾಮಿನಲ್ಲಿ ವಾಕ್ ಮಾಡುತ್ತಾ ಎ-ಯಿಂದಲೇ ಹೊರಗೆ ಬನ್ನಿ. ಅಂಕಪಟ್ಟಿ ಕೈಗೆ ಬಂದಾಗ ಅಂಕಕ್ಕಿಂತ ಮೊದಲು ಪಕ್ಕದ ಟಿಪ್ಪಣಿ ಓದಿ, ಒಂದೇ ಪದ ಎಷ್ಟು ಸಲ ಬಂದಿದೆ ಎಂದು ಎಣಿಸಿ ಇಲ್ಲಿ ಹಾಕಿ, ನೋಡೋಣ.